ಮೃದು ಅಂಗಾಂಶದ ಗಡ್ಡೆಗೆ ಡೈನಮಿಕ್ ಎಂಆರ್‌ಐ: ಸಿದ್ಧತೆಯಿಂದ ವರದಿಯವರೆಗೆ

ತೊಡೆಯಲ್ಲೋ ತೋಳಿನಲ್ಲೋ ಗಡ್ಡೆ ಇರುವ ರೋಗಿ ಡೈನಮಿಕ್ ಎಂಆರ್‌ಐ ಮಾಡಿಸಿಕೊಂಡು ಬರುತ್ತಾರೆ. ದೊಡ್ಡ ಲಕೋಟೆಯಲ್ಲಿ ಫಿಲ್ಮು, ಫಿಲ್ಮಿನ ಮೂಲೆಯಲ್ಲಿ ಗಡ್ಡೆ ಹೊತ್ತು ಕಳೆದಂತೆ ಹೇಗೆ ಬೆಳಗಿತು ಎಂದು ತೋರಿಸುವ ಬಣ್ಣಬಣ್ಣದ ಎರಡು ಕರ್ವ್, ವರದಿಯ ಕೊನೆಯಲ್ಲಿ ‘ಟೈಪ್ 3 ಕರ್ವ್, ಕ್ಯಾನ್ಸರ್ ಸಾಧ್ಯತೆ’ ಎಂಬ ಒಂದು ಸಾಲು. ಸಿಡಿ ಹಾಕಿ ನೋಡಿದರೆ ಸರಣಿಯ ಮೊದಲ ಚಿತ್ರದಲ್ಲಿಯೇ, ಅಂದರೆ ಮೊದಲ ಫ್ರೇಮಿನಲ್ಲಿಯೇ, ಅಪಧಮನಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅಂದರೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳ್ಳಗೆ ಕಾಣಲೆಂದು ರಕ್ತನಾಳಕ್ಕೆ ಕೊಡುವ ಔಷಧ) ಬಂದು ತಲುಪಿದ ಮೇಲೆ ಸ್ಕ್ಯಾನ್ ಶುರುವಾಗಿದೆ. ಆ ಕರ್ವ್‌ಗೆ ಆರಂಭವೇ ಇಲ್ಲ. ಅದನ್ನು ಯಾವ ಟೈಪ್ ಎಂದು ಕರೆದರೂ ಪ್ರಯೋಜನವಿಲ್ಲ.

ಇಂತಹ ಸ್ಕ್ಯಾನ್‌ಗಳು ಮತ್ತೆ ಮತ್ತೆ ಕೆಡುವುದು ಯಂತ್ರದ ಕೊರತೆಯಿಂದಲ್ಲ, ಕ್ರಮ ತಪ್ಪುವುದರಿಂದ. ಬಹುಪಾಲು ತಪ್ಪುಗಳು ಇಂಜೆಕ್ಟರಿನ ಗುಂಡಿ ಒತ್ತುವ ಮೊದಲೇ ಆಗಿಹೋಗಿರುತ್ತವೆ. ಆಮೇಲೆ ಎಂತಹ ಸಾಫ್ಟ್‌ವೇರ್ ತಂದರೂ ಅವನ್ನು ಸರಿಪಡಿಸಲಾಗದು. ಎಂಆರ್‌ಐ ಟೆಕ್ನಾಲಜಿಸ್ಟ್‌ಗಳು, ರೇಡಿಯಾಲಜಿ ಪಿಜಿ ವಿದ್ಯಾರ್ಥಿಗಳು, ಈ ಸ್ಕ್ಯಾನ್ ಬರೆದುಕೊಡುವ ಸರ್ಜನ್‌ಗಳು ಮತ್ತು ಮೂಳೆ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ರೋಗಿಗಳು ಓದುತ್ತಿದ್ದರೆ, ಇದರಿಂದ ನಿಮ್ಮ ವರದಿಯನ್ನು ನೀವೇ ಅಳೆಯಲು ಹೋಗದೆ ವೈದ್ಯರನ್ನೇ ಕೇಳಿ.

## 1. ಮೊದಲು ಪ್ರಶ್ನೆಯನ್ನು ನಿಗದಿ ಮಾಡಿ

ಡೈನಮಿಕ್ ಸ್ಕ್ಯಾನ್ ಎಂದರೆ ಕಾಂಟ್ರಾಸ್ಟ್ ಕೊಡುತ್ತಲೇ ಒಂದೇ ಜಾಗದ ಚಿತ್ರವನ್ನು ಕೆಲವು ಸೆಕೆಂಡುಗಳಿಗೊಮ್ಮೆ, ಸುಮಾರು ಐದು ನಿಮಿಷ ತೆಗೆಯುತ್ತಾ ಹೋಗುವುದು. ಅದರಿಂದ ತಿಳಿಯುವುದು ರಕ್ತ ಎಷ್ಟು ಬೇಗ ಗಡ್ಡೆಯನ್ನು ತಲುಪಿತು, ನಾಳಗಳಿಂದ ಎಷ್ಟು ಸೋರಿತು, ಎಷ್ಟು ಬೇಗ ತೊಳೆದುಹೋಯಿತು ಎಂಬುದು. ಗಡ್ಡೆಯ ಹೆಸರು ತಿಳಿಯುವುದಿಲ್ಲ. ಅದನ್ನು ಹೇಳುವುದು ಬಯಾಪ್ಸಿ.

ಆದ್ದರಿಂದ ಕೋರಿಕೆ ಚೀಟಿಯಲ್ಲಿ ‘ಡೈನಮಿಕ್ ಎಂಆರ್‌ಐ ತೊಡೆ’ ಎಂದಷ್ಟೇ ಇದ್ದರೆ ಬರೆದ ವೈದ್ಯರಿಗೆ ಫೋನ್ ಮಾಡಿ. ಈ ಸ್ಕ್ಯಾನ್ ನಿಜವಾಗಿ ನೆರವಾಗುವ ಪ್ರಶ್ನೆಗಳು ಕೆಲವೇ: ಗಡ್ಡೆಯ ಯಾವ ಭಾಗಕ್ಕೆ ಬಯಾಪ್ಸಿ ಸೂಜಿ ಹಾಕಬೇಕು? ಕೀಮೋ ಅಥವಾ ರೇಡಿಯೇಷನ್ ಆದ ಮೇಲೆ ಜೀವಂತ ಗಡ್ಡೆ ಎಷ್ಟು ಉಳಿದಿದೆ? ಶಸ್ತ್ರಚಿಕಿತ್ಸೆ ಆದ ಜಾಗದಲ್ಲಿ ಕಾಣುತ್ತಿರುವುದು ಗಾಯದ ಕಲೆಯೋ ಮರುಕಳಿಸಿದ ಗಡ್ಡೆಯೋ? ಇದು ರಕ್ತಗಡ್ಡೆಯೋ, ಒಳಗೆ ರಕ್ತ ಸೋರಿದ ಸಾರ್ಕೋಮಾವೋ (ಮೃದು ಅಂಗಾಂಶದ ಕ್ಯಾನ್ಸರ್)? ‘ಸಾದಾ ಗಡ್ಡೆಯೋ ಕ್ಯಾನ್ಸರೋ’ ಎಂಬುದೂ ಕೇಳಬಹುದಾದ ಪ್ರಶ್ನೆಯೇ. ಆದರೆ ಅಲ್ಲಿ ಈ ಸ್ಕ್ಯಾನ್ ಸುಳಿವು ಕೊಡುತ್ತದೆ, ತೀರ್ಪನ್ನಲ್ಲ.

ಸಾಮಾನ್ಯ ಟಿ1 ಚಿತ್ರದಲ್ಲಿ (ಕೊಬ್ಬು ಬೆಳ್ಳಗೆ ಕಾಣುವ ಎಂಆರ್‌ಐ ಚಿತ್ರ) ಪೂರ್ತಿ ಕೊಬ್ಬಿನಂತೆಯೇ ಕಾಣುವ ಮೆತ್ತನೆಯ ಲಿಪೋಮಾಕ್ಕೆ (ಕೊಬ್ಬಿನ ಸಾದಾ ಗಡ್ಡೆ) ಡೈನಮಿಕ್ ಸ್ಕ್ಯಾನ್ ಬೇಡವೇ ಬೇಡ. ರೋಗಿಯ ಹಣ ಉಳಿಸಿ.

ಎಚ್ಚರಿಕೆ: 5 ಸೆಂಟಿಮೀಟರಿಗಿಂತ ದೊಡ್ಡದು, ಸ್ನಾಯುವಿನ ಹೊದಿಕೆಗಿಂತ ಆಳದಲ್ಲಿರುವುದು, ಬೆಳೆಯುತ್ತಲೇ ಇರುವುದು, ತೆಗೆದ ಮೇಲೂ ಮತ್ತೆ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಬೇರೆ ರೀತಿ ಸಾಬೀತಾಗುವವರೆಗೆ ಸಾರ್ಕೋಮಾ ಎಂದೇ ಭಾವಿಸಿ ಮುಂದುವರಿಯಿರಿ.

## 2. ರೋಗಿಯನ್ನು ಒಳಗೆ ಕಳಿಸುವ ಮೊದಲು

ಪೇಸ್‌ಮೇಕರ್, ತಲೆಯೊಳಗಿನ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್, ಕಣ್ಣಿಗೆ ಸಿಡಿದ ಲೋಹದ ಚೂರು, ಗರ್ಭ ಇವುಗಳ ವಿಚಾರಣೆ ಎಲ್ಲ ಎಂಆರ್‌ಐಗೂ ಇದ್ದದ್ದೇ. ಇಲ್ಲಿ ಹೆಚ್ಚುವರಿಯಾಗಿ ಗ್ಯಾಡೋಲಿನಿಯಂ ಇರುವ ಕಾಂಟ್ರಾಸ್ಟ್ ಕೊಡುತ್ತಿದ್ದೇವೆ. ಹಿಂದೆ ಕಾಂಟ್ರಾಸ್ಟ್‌ನಿಂದ ತುರಿಕೆ, ಉಸಿರುಕಟ್ಟುವಿಕೆ ಆಗಿತ್ತೇ ಎಂದು ಕೇಳಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಇತ್ತೀಚಿನ ಕ್ರಿಯಾಟಿನಿನ್ ನೋಡಿ ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) ಲೆಕ್ಕ ಹಾಕಿ. ಅದು 30ಕ್ಕಿಂತ ಕಡಿಮೆ ಇದ್ದರೆ ಕಾಂಟ್ರಾಸ್ಟ್ ಅಗತ್ಯವೇ ಎಂಬುದನ್ನು ರೇಡಿಯಾಲಜಿಸ್ಟ್ ನಿರ್ಧರಿಸಬೇಕು. ಕೊಡಲೇಬೇಕಾದರೆ ಗ್ಯಾಡೊಬ್ಯೂಟ್ರಾಲ್, ಗ್ಯಾಡೊಟೆರೇಟ್‌ನಂತಹ ಉಂಗುರ ರಚನೆಯ ಔಷಧಗಳನ್ನೇ ಆರಿಸಿಕೊಳ್ಳಬೇಕು. ಮೂತ್ರಪಿಂಡ ಸೋತವರಲ್ಲಿ ಚರ್ಮ ಮತ್ತು ಒಳ ಅಂಗಾಂಶಗಳನ್ನು ಗಟ್ಟಿಯಾಗಿಸುವ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಹೆಚ್ಚಾಗಿ ಕಂಡದ್ದು ಹಳೆಯ, ಸರಪಳಿ ರಚನೆಯ ಔಷಧಗಳೊಂದಿಗೆ.

ರೋಗಿಯ ತೂಕವನ್ನು ತಕ್ಕಡಿಯಲ್ಲಿ ನೋಡಿ ಬರೆದುಕೊಳ್ಳಿ. ‘ಸುಮಾರು ಅರವತ್ತು ಇರಬಹುದು’ ಎಂಬ ಉತ್ತರ ಸಾಲದು. ಡೋಸ್ ತೂಕದ ಮೇಲೆ ನಿಂತಿದೆ. ಮೂರು ತಿಂಗಳ ನಂತರ ಕೀಮೋದಿಂದ ಬಡಕಲಾಗಿ ಬರುವ ಅದೇ ರೋಗಿಯ ಸ್ಕ್ಯಾನ್ ಅನ್ನು ಇದರೊಂದಿಗೆ ಹೋಲಿಸಬೇಕಾಗುತ್ತದೆ.

## 3. ಬೇಕಾದ ಸಲಕರಣೆ

1.5 ಟೆಸ್ಲಾ ಅಥವಾ 3 ಟೆಸ್ಲಾ ಯಂತ್ರ, ಎರಡು ಸಿರಿಂಜಿನ ಪವರ್ ಇಂಜೆಕ್ಟರ್, 20 ಅಥವಾ 22 ಗೇಜ್ ಕ್ಯಾನುಲಾ, ಗಡ್ಡೆಯನ್ನು ಸುತ್ತುವಷ್ಟು ದೊಡ್ಡದಾದ ಮೆತ್ತನೆಯ ಕಾಯಿಲ್ (ದೇಹದಿಂದ ಬರುವ ಸಂಕೇತವನ್ನು ಹಿಡಿಯುವ ಸಾಧನ), ಚರ್ಮದ ಮೇಲೆ ಗುರುತಿಗೆ ಒಂದೆರಡು ವಿಟಮಿನ್ ಇ ಅಥವಾ ಮೀನೆಣ್ಣೆಯ ಕ್ಯಾಪ್ಸೂಲ್, ಕೈಕಾಲು ಅಲುಗದಂತೆ ಇಡಲು ಫೋಮ್ ದಿಂಬು. ಚಿತ್ರ ವಿಶ್ಲೇಷಣೆಗೆ ಯಂತ್ರದ ಜೊತೆ ಬಂದ ವರ್ಕ್‌ಸ್ಟೇಷನ್ ಸಾಕು. ಅದಿಲ್ಲದವರು 3ಡಿ ಸ್ಲೈಸರ್‌ನಂತಹ ಉಚಿತ ಸಾಫ್ಟ್‌ವೇರಿನಲ್ಲಿಯೂ ಕರ್ವ್ ತೆಗೆಯಬಹುದು.

ಇಂಜೆಕ್ಟರ್ ಕೆಟ್ಟಿದೆಯೆಂದು ಕೈಯಿಂದಲೇ ತಳ್ಳುವುದು ಅನೇಕ ಕಡೆ ನಡೆಯುತ್ತದೆ. ಹಾಗೆ ಮಾಡಿದ ಸ್ಕ್ಯಾನಿನಿಂದ ಗಡ್ಡೆಯ ಯಾವ ಭಾಗ ಮೊದಲು ಬೆಳಗಿತು ಎಂಬುದನ್ನು ನೋಡಬಹುದು. ಅಂಕಿಗಳನ್ನು ಮಾತ್ರ ತೆಗೆಯಬೇಡಿ.

## 4. ಮಲಗಿಸುವುದು, ಕಾಯಿಲ್ ಕಟ್ಟುವುದು

ರೋಗಿಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನೋವಿಲ್ಲದೆ ಇರಲು ಆಗುವ ಭಂಗಿಯೇ ಸರಿಯಾದ ಭಂಗಿ. ಪೃಷ್ಠದ ಗಡ್ಡೆ ಇರುವವರನ್ನು ಅಂಗಾತ ಮಲಗಿಸಿದರೆ ಗಡ್ಡೆ ಒತ್ತಿಹೋಗುತ್ತದೆ, ನೋವಿಗೆ ಅವರು ಅಲುಗಾಡುತ್ತಾರೆ. ಗಡ್ಡೆಯ ಮೇಲೆ ಬೆಲ್ಟನ್ನು ಬಿಗಿಯಾಗಿ ಕಟ್ಟಬೇಡಿ. ಮೇಲ್ಪದರದ ಗಡ್ಡೆಯನ್ನು ಒತ್ತಿದರೆ ಅದರ ರಕ್ತಸಂಚಾರವೇ ಬದಲಾಗಬಹುದು. ನಾವು ಅಳೆಯಲು ಹೊರಟಿರುವುದು ಅದನ್ನೇ.

ಕ್ಯಾಪ್ಸೂಲನ್ನು ಗಡ್ಡೆಯ ನೆತ್ತಿಯ ಮೇಲೆ ಅಂಟಿಸದೆ ಮೇಲಂಚು ಮತ್ತು ಕೆಳಅಂಚಿನಲ್ಲಿ ಅಂಟಿಸಿ. ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಗುರುತಿದ್ದರೆ ಅದಕ್ಕೂ ಒಂದಿರಲಿ.

ಕ್ಯಾನುಲಾವನ್ನು ಸಾಧ್ಯವಾದಷ್ಟೂ ಬಲ ಮೊಣಕೈ ಮಡಿಕೆಯ ರಕ್ತನಾಳಕ್ಕೆ ಹಾಕಿ. ಗಡ್ಡೆ ಬಲತೋಳಿನಲ್ಲಿದ್ದರೆ ಎಡಗೈಗೆ ಹಾಕಿ. ಯಾವ ಕೈ ಎಂಬುದನ್ನು ಬರೆದಿಡಿ. 10 ಮಿಲಿ ಸಲೈನ್ ತಳ್ಳಿ ಊತ ಬರುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ರೋಗಿಯನ್ನು ಸುರಂಗದೊಳಗೆ ಕಳಿಸಿ. ಸುರಂಗದೊಳಗೆ ಹೋದ ಮೇಲೆ ಕ್ಯಾನುಲಾ ಜಾರಿದ್ದು ಗೊತ್ತಾದರೆ ಆ ದಿನದ ಡೈನಮಿಕ್ ಮುಗಿದ ಹಾಗೆಯೇ. ಅರ್ಧ ಕಾಂಟ್ರಾಸ್ಟ್ ಒಳಗೆ ಹೋಗಿರುತ್ತದೆ, ಎರಡನೇ ಬಾರಿ ಕೊಟ್ಟರೆ ಬೇಸ್‌ಲೈನ್ (ಇಂಜೆಕ್ಷನ್‌ಗೆ ಮುಂಚಿನ ಸಂಕೇತದ ಮಟ್ಟ) ಆಗಲೇ ಮೇಲೇರಿರುತ್ತದೆ.

## 5. ಕಾಂಟ್ರಾಸ್ಟ್‌ಗೆ ಮುಂಚಿನ ಚಿತ್ರಗಳು

ಟಿ1, ನೀರು ಬೆಳ್ಳಗೆ ಕಾಣುವ, ಕೊಬ್ಬನ್ನು ಅಡಗಿಸಿದ ಟಿ2 ಅಥವಾ ಸ್ಟಿರ್, ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್ ಇವು ಮೊದಲು ಮುಗಿಯಲಿ. ಗಡ್ಡೆಯ ಜೊತೆಗೆ ಸುತ್ತಲಿನ ಊತವೂ ಪೂರ್ತಿ ಬರಬೇಕು. ಹತ್ತಿರದ ಒಂದು ಕೀಲು ಕಾಣುವಂತೆ ಉದ್ದನೆಯ ಒಂದು ಸರಣಿ ಇದ್ದರೆ ಸರ್ಜನ್‌ಗೆ ಅಳತೆ ಹಿಡಿಯಲು ಅನುಕೂಲ.

ಕಾಂಟ್ರಾಸ್ಟ್ ಇಲ್ಲದೆಯೂ ಟಿ1ರಲ್ಲಿ ಬೆಳ್ಳಗೆ ಕಾಣುವ ಜಾಗಗಳನ್ನು ಈ ಹಂತದಲ್ಲಿಯೇ ಗುರುತು ಮಾಡಿಕೊಳ್ಳಿ. ಹಳೆಯ ರಕ್ತ, ಕೊಬ್ಬು, ಪ್ರೋಟೀನ್ ತುಂಬಿದ ದ್ರವ ಇವೆಲ್ಲ ಹಾಗೆ ಕಾಣುತ್ತವೆ. ಇದನ್ನು ಗಮನಿಸದವರು ಆಮೇಲೆ ರಕ್ತಗಡ್ಡೆಯ ಬಿಳಿಯನ್ನು ‘ಕಾಂಟ್ರಾಸ್ಟ್ ಹೀರಿದೆ’ ಎಂದು ಬರೆಯುತ್ತಾರೆ.

ಕೆ-ಟ್ರಾನ್ಸ್‌ನಂತಹ ಅಂಕಿಗಳು (12ನೇ ಹಂತ ನೋಡಿ) ಬೇಕಿದ್ದರೆ ಪ್ರತಿ ಬಿಂದುವಿನ ಟಿ1 ಅಳತೆ ತೋರಿಸುವ ಟಿ1 ಮ್ಯಾಪ್ ಕೂಡ ಈಗಲೇ ತೆಗೆಯಬೇಕು. ಸಾಮಾನ್ಯ ವಿಧಾನವೆಂದರೆ 2, 5, 10, 15 ಡಿಗ್ರಿಯಂತೆ ಬೇರೆ ಬೇರೆ ಫ್ಲಿಪ್ ಆಂಗಲ್‌ನಲ್ಲಿ (ರೇಡಿಯೋ ಅಲೆ ದೇಹದ ಕಾಂತತ್ವವನ್ನು ವಾಲಿಸುವ ಕೋನ) ಅದೇ ಜಾಗದ ಚಿತ್ರ. 3 ಟೆಸ್ಲಾದಲ್ಲಿ ಇದರ ಜೊತೆ ಬಿ1 ಮ್ಯಾಪ್ (ಆ ಅಲೆಯ ಬಲ ಎಲ್ಲಿ ಎಷ್ಟಿದೆ ಎಂಬ ನಕ್ಷೆ) ಇಲ್ಲದಿದ್ದರೆ ತೊಡೆಯಂತಹ ದಪ್ಪ ಭಾಗದಲ್ಲಿ ಒಂದು ಬದಿಯ ಅಂಕಿ ಇನ್ನೊಂದು ಬದಿಗೆ ತಾಳೆಯಾಗುವುದಿಲ್ಲ. ಈ ಚಿತ್ರಗಳ ನಡುವೆ ಯಂತ್ರ ತಾನಾಗಿ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಬದಲಿಸದಂತೆ, ಅದು ತನ್ನನ್ನು ಹೊಂದಿಸಿಕೊಳ್ಳುವ ಪ್ರೀಸ್ಕ್ಯಾನ್ ಅನ್ನು ನಿಲ್ಲಿಸಿರಬೇಕು.

## 6. ಡೈನಮಿಕ್ ಸರಣಿಯನ್ನು ಹೊಂದಿಸುವುದು

ಬಳಸುವುದು ಟಿ1 ಗುಣಕ್ಕೆ ಒತ್ತು ಕೊಡುವ (ಟಿ1-ವೇಯ್ಟೆಡ್) 3ಡಿ ಗ್ರೇಡಿಯೆಂಟ್ ಎಕೋ ಎಂಬ ವೇಗದ ಸರಣಿ. ಕಂಪನಿಗೊಂದು ಹೆಸರು: ಸೀಮೆನ್ಸ್‌ನಲ್ಲಿ ವೈಬ್, ಟ್ವಿಸ್ಟ್; ಜಿಇಯಲ್ಲಿ ಲಾವಾ, ಡಿಸ್ಕೋ; ಫಿಲಿಪ್ಸ್‌ನಲ್ಲಿ 4ಡಿ ಟ್ರ್ಯಾಕ್. ಟಿಆರ್ (ಒಂದು ರೇಡಿಯೋ ಅಲೆಯಿಂದ ಮುಂದಿನದರವರೆಗಿನ ಹೊತ್ತು) 5 ಮಿಲಿಸೆಕೆಂಡಿಗಿಂತ ಕಡಿಮೆ, ಟಿಇ (ಅಲೆಯಿಂದ ಸಂಕೇತ ಹಿಡಿಯುವವರೆಗಿನ ಹೊತ್ತು) 2 ಮಿಲಿಸೆಕೆಂಡಿಗಿಂತ ಕಡಿಮೆ ಇರಲಿ.

ಇಲ್ಲಿಯ ಮುಖ್ಯ ಚೌಕಾಸಿ ವೇಗ ಮತ್ತು ಸ್ಪಷ್ಟತೆಯ ನಡುವೆ. ಅಂದವಾದ ಚಿತ್ರಕ್ಕೆ ಆಸೆಪಟ್ಟು ಒಂದೊಂದು ಫ್ರೇಮಿಗೆ 20, 30 ಸೆಕೆಂಡ್ ಕೊಡುವುದು ಬಹಳ ಕಡೆ ಕಾಣುವ ತಪ್ಪು. ಸ್ತನದ ಎಂಆರ್‌ಐಗೆ ಇಟ್ಟುಕೊಂಡ ಪ್ರೋಟೋಕಾಲನ್ನೇ ತೊಡೆಗೂ ಓಡಿಸುವುದು ಇದಕ್ಕೆ ಒಂದು ಕಾರಣ. ಮೃದು ಅಂಗಾಂಶದ ಗಡ್ಡೆಯಲ್ಲಿ ಅಪಧಮನಿ ಬೆಳಗಿದ ಮೇಲೆ ಗಡ್ಡೆ ಬೆಳಗಲು ಹಿಡಿದ ಹೊತ್ತು ಮುಖ್ಯ ಸುಳಿವು. 6 ಸೆಕೆಂಡಿನೊಳಗೆ ಬೆಳಗಿದರೆ ಕ್ಯಾನ್ಸರಿನ ಅನುಮಾನ ಹೆಚ್ಚು ಎಂಬ ಅಳತೆಗೋಲು ಬಳಕೆಯಲ್ಲಿದೆ. ಫ್ರೇಮಿಗೆ 20 ಸೆಕೆಂಡ್ ಹಿಡಿದರೆ ಅದನ್ನು ಅಳೆಯುವುದಾದರೂ ಹೇಗೆ?

ಕರ್ವ್‌ನ ಆಕಾರವಷ್ಟೇ ಸಾಕಿದ್ದರೆ ಫ್ರೇಮಿಗೆ 5ರಿಂದ 10 ಸೆಕೆಂಡ್ ನಡೆಯುತ್ತದೆ. ಆರಂಭದ ಹೊತ್ತು ಅಥವಾ ಕೆ-ಟ್ರಾನ್ಸ್ ಬೇಕಿದ್ದರೆ 2ರಿಂದ 5 ಸೆಕೆಂಡ್. ಒಟ್ಟು ಕನಿಷ್ಠ 5 ನಿಮಿಷ ಓಡಲಿ. ಸ್ಲೈಸ್ ದಪ್ಪ 3ರಿಂದ 4 ಮಿಮೀ ಇದ್ದರೂ ಚಿಂತೆಯಿಲ್ಲ; ಅಂಚುಗಳನ್ನು ಚೊಕ್ಕವಾಗಿ ತೋರಿಸಲು ಬೇರೆ ಸರಣಿಗಳಿವೆ. ಟ್ವಿಸ್ಟ್‌ನಂತಹ ಸರಣಿಗಳಲ್ಲಿ ಇನ್ನೊಂದು ಕಣ್ಕಟ್ಟು ಇದೆ. ಪರದೆಯ ಮೇಲೆ 3 ಸೆಕೆಂಡ್ ಎಂದು ತೋರಿಸಿದರೂ ಒಂದು ಫ್ರೇಮಿನ ಮಾಹಿತಿಯಲ್ಲಿ ಅಕ್ಕಪಕ್ಕದ ಫ್ರೇಮುಗಳ ಪಾಲು ಸೇರಿರುತ್ತದೆ. ನಿಜವಾದ ವೇಗ ಅದಕ್ಕಿಂತ ಕಡಿಮೆ.

ಚೌಕಟ್ಟಿನೊಳಗೆ ಗಡ್ಡೆಯ ಜೊತೆ ಅದರ ಹತ್ತಿರದ ದೊಡ್ಡ ಅಪಧಮನಿಯೂ ಇರಲೇಬೇಕು. ಬಸ್ಸು ನಿಲ್ದಾಣದಿಂದ ಹೊರಟದ್ದು ಯಾವಾಗ ಎಂದು ಗೊತ್ತಿಲ್ಲದೆ ಅದು ನಮ್ಮೂರಿಗೆ ತಡವಾಗಿ ಬಂತೋ ಬೇಗ ಬಂತೋ ಹೇಳಲಾಗದು. ಅಡ್ಡ ಸ್ಲೈಸ್‌ಗಳಲ್ಲಿ ತೆಗೆಯುವಾಗ ತುದಿಯ ಸ್ಲೈಸ್‌ಗಳಲ್ಲಿ ಹೊಸದಾಗಿ ಹರಿದುಬರುವ ರಕ್ತ ಕಾಂಟ್ರಾಸ್ಟ್ ಇಲ್ಲದೆಯೇ ಬೆಳ್ಳಗೆ ಕಾಣುತ್ತದೆ. ಅಪಧಮನಿಯ ಅಳತೆಯನ್ನು ಆ ತುದಿಯಲ್ಲಿ ತೆಗೆಯಬೇಡಿ. ಉದ್ದನೆಯ ಗಡ್ಡೆಗಳಿಗೆ ಅಪಧಮನಿಯ ಉದ್ದಕ್ಕೂ ಸಾಗುವ ಕೊರೋನಲ್ ಅಥವಾ ಸ್ಯಾಜಿಟಲ್ ದಿಕ್ಕು (ದೇಹವನ್ನು ಉದ್ದಕ್ಕೆ ಸೀಳಿದಂತಹ ನೋಟ) ಗಡ್ಡೆ, ಅಪಧಮನಿ ಎರಡನ್ನೂ ಹಿಡಿಯುತ್ತದೆ.

## 7. ಬೇಸ್‌ಲೈನ್, ಇಂಜೆಕ್ಷನ್

ಇಡೀ ಕೆಲಸದ ಸತ್ವ ಈ ಹಂತದಲ್ಲಿದೆ. ಕ್ರಮ ಹೀಗಿರಲಿ:

1. ಇಂಜೆಕ್ಟರ್ ಸಿದ್ಧವಾಗಿದೆ, ಟ್ಯೂಬಿನಲ್ಲಿ ಗಾಳಿಯಿಲ್ಲ ಎಂದು ನೋಡಿ. ಔಷಧ ಹೋಗುವಾಗ ಕೈ ತಣ್ಣಗಾಗಬಹುದು, ಅಲುಗಾಡಬೇಡಿ ಎಂದು ರೋಗಿಗೆ ಮೈಕಿನಲ್ಲಿ ಅವರ ಭಾಷೆಯಲ್ಲಿ ಹೇಳಿ.
2. ಡೈನಮಿಕ್ ಸರಣಿಯನ್ನು ಶುರು ಮಾಡಿ. ಇನ್ನೂ ಇಂಜೆಕ್ಷನ್ ಕೊಡಬೇಡಿ.
3. ಕನಿಷ್ಠ 5 ಅಥವಾ 6 ಫ್ರೇಮ್ ಕಾಂಟ್ರಾಸ್ಟ್ ಇಲ್ಲದೆ ಓಡಲಿ.
4. ಸರಣಿಯನ್ನು ನಿಲ್ಲಿಸದೆ ಇಂಜೆಕ್ಟರ್ ಒತ್ತಿ. ಯಾವ ಫ್ರೇಮಿನಲ್ಲಿ ಒತ್ತಿದಿರಿ ಎಂಬುದನ್ನು ಬರೆದುಕೊಳ್ಳಿ.
5. ಕಾಂಟ್ರಾಸ್ಟ್ ಹಿಂದೆಯೇ 20 ಮಿಲಿ ಸಲೈನ್ ಅದೇ ವೇಗದಲ್ಲಿ ಹೋಗಲಿ.

ಎರಡನೆಯ ಮತ್ತು ನಾಲ್ಕನೆಯ ಅಂಶಗಳಲ್ಲಿಯೇ ಬಹಳಷ್ಟು ಜನ ಎಡವುವುದು. ಕೆಲವರು ಬೇಸ್‌ಲೈನನ್ನು ಪ್ರತ್ಯೇಕ ಸರಣಿಯಾಗಿ ತೆಗೆದು, ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಆಮೇಲೆ ಇನ್ನೊಂದು ಸರಣಿ ಶುರು ಮಾಡುತ್ತಾರೆ. ನಡುವೆ ಯಂತ್ರ ತನ್ನ ಗೇನನ್ನು ತಾನೇ ಬದಲಿಸಿಕೊಂಡರೆ ಎರಡರ ಅಂಕಿಗಳನ್ನು ಹೋಲಿಸಲಾಗದು. ಸಮಯದ ಲೆಕ್ಕವೂ ಹರಿದುಹೋಗುತ್ತದೆ. ಬೇಸ್‌ಲೈನ್ ಮತ್ತು ಉಳಿದ ಐದು ನಿಮಿಷ ಒಂದೇ ಸರಣಿಯಲ್ಲಿರಲಿ.

ಡೋಸ್ ಸಾಮಾನ್ಯವಾಗಿ ಪ್ರತಿ ಕೆಜಿಗೆ 0.1 ಮಿಲಿಮೋಲ್. ಇದನ್ನು ಮಿಲಿಲೀಟರಿಗೆ ತಿರುಗಿಸುವಾಗ ಬಾಟಲಿಯ ಮೇಲಿನ ಸಾಂದ್ರತೆ ನೋಡಿ. 60 ಕೆಜಿ ತೂಕದವರಿಗೆ ಗ್ಯಾಡೊಟೆರೇಟ್ ಆದರೆ 12 ಮಿಲಿ, ಎರಡು ಪಟ್ಟು ಸಾಂದ್ರವಾದ ಗ್ಯಾಡೊಬ್ಯೂಟ್ರಾಲ್ ಆದರೆ 6 ಮಿಲಿ. ವೇಗ ಸೆಕೆಂಡಿಗೆ 2 ಮಿಲಿ ಎಂದಿಟ್ಟುಕೊಂಡರೆ ಮೊದಲನೆಯದು 6 ಸೆಕೆಂಡಿನಲ್ಲಿ, ಎರಡನೆಯದು 3 ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಗಾಗಿ ಒಂದೇ ರೋಗಿಗೆ ಮೊದಲ ಸ್ಕ್ಯಾನಿನಲ್ಲಿ ಒಂದು ಔಷಧ, ಕೀಮೋ ನಂತರದ ಸ್ಕ್ಯಾನಿನಲ್ಲಿ ಇನ್ನೊಂದು ಔಷಧ ಕೊಟ್ಟರೆ ಕರ್ವ್ ಬದಲಾಗಲು ಗಡ್ಡೆ ಬದಲಾಗಬೇಕೆಂದೇನೂ ಇಲ್ಲ. ಸ್ಟಾಕ್ ಮುಗಿದಿದೆ ಎಂಬ ಕಾರಣಕ್ಕೆ ಈ ಅದಲುಬದಲು ನಡೆಯುತ್ತದೆ. ನಡೆದರೆ ವರದಿಯಲ್ಲಿ ಬರೆಯಿರಿ.

ಎಚ್ಚರಿಕೆ: ಇಂಜೆಕ್ಟರಿನ ಒತ್ತಡ ಥಟ್ಟನೆ ಏರಿದರೆ, ಅಥವಾ ರೋಗಿ ಕೈ ಉರಿಯುತ್ತಿದೆ ಎಂದರೆ ತಕ್ಷಣ ನಿಲ್ಲಿಸಿ. ಚಿತ್ರಕ್ಕಿಂತ ಕೈ ಮುಖ್ಯ. ಸ್ಕ್ಯಾನ್ ಮುಗಿದ ಮೇಲೆ ಅರ್ಧ ಗಂಟೆ ರೋಗಿಯನ್ನು ಅಲ್ಲಿಯೇ ಕೂರಿಸಿಕೊಳ್ಳಿ.

## 8. ತಡವಾದ ಚಿತ್ರ

ಡೈನಮಿಕ್ ಮುಗಿದ ಕೂಡಲೇ ಕೊಬ್ಬನ್ನು ಅಡಗಿಸಿದ ಟಿ1 ಸರಣಿಯೊಂದನ್ನು ಪೂರ್ತಿ ಗಡ್ಡೆಗೆ ತೆಗೆಯಿರಿ. ಹತ್ತಿರದಲ್ಲಿ ಲೋಹದ ರಾಡ್ ಅಥವಾ ಪ್ಲೇಟ್ ಇದ್ದರೆ ಕೊಬ್ಬು ಅಡಗಿಸುವ ಮಾಮೂಲಿ ವಿಧಾನ ಕೈಕೊಡುತ್ತದೆ. ಆಗ ಕೊಬ್ಬು, ನೀರನ್ನು ಬೇರ್ಪಡಿಸುವ ಡಿಕ್ಸನ್ ವಿಧಾನ ಅಥವಾ ಮುಂಚಿನ ಚಿತ್ರವನ್ನು ಕಳೆದ ಸಬ್‌ಟ್ರ್ಯಾಕ್ಷನ್ ಚಿತ್ರ ಬಳಸಿ.

## 9. ಅಳೆಯುವ ಮೊದಲು ಓಡಿಸಿ ನೋಡಿ

ಎಲ್ಲ ಫ್ರೇಮುಗಳನ್ನೂ ಸಿನಿಮಾದಂತೆ ಒಮ್ಮೆ ಓಡಿಸಿ. ಈ ಲಕ್ಷಣಗಳು ಕಂಡರೆ ಅಳತೆಗೆ ಕೈಹಾಕಬೇಡಿ:

- ಬೇಸ್‌ಲೈನ್ ಸಮತಟ್ಟಾಗಿಲ್ಲ, ಏರುತ್ತಲೋ ಇಳಿಯುತ್ತಲೋ ಸಾಗಿದೆ.
- ಒಂದು ಫ್ರೇಮಿನಲ್ಲಿ ಎಲ್ಲ ಅಂಗಾಂಶಗಳ ಕರ್ವ್ ಒಟ್ಟಿಗೆ ಮೆಟ್ಟಿಲಿನಂತೆ ಜಿಗಿದಿದೆ. ರೋಗಿ ಅಲುಗಿದ್ದಾರೆ.
- ಅಪಧಮನಿಯಲ್ಲಿ ಚೂಪಾದ ಶಿಖರವಿಲ್ಲ. ಇಂಜೆಕ್ಷನ್ ನಿಧಾನವಾಗಿದೆ, ಅಥವಾ ಸಲೈನ್ ಹೋಗದೆ ಕಾಂಟ್ರಾಸ್ಟ್ ಟ್ಯೂಬಿನಲ್ಲಿಯೇ ಉಳಿದಿದೆ.
- ಮೊದಲ ಏರಿಕೆ ಮುಗಿಯುವ ಮೊದಲೇ ಎರಡು ಗುಡ್ಡ ಕಾಣುತ್ತವೆ. ಇಂಜೆಕ್ಷನ್ ನಡುವೆ ತಡೆದಿದೆ.
- ಆರೋಗ್ಯವಂತ ಸ್ನಾಯುವೂ ಗಡ್ಡೆಯಷ್ಟೇ ವೇಗವಾಗಿ ಬೆಳಗುತ್ತಿದೆ. ಎಲ್ಲೋ ಏನೋ ತಪ್ಪಿದೆ.

ಅಲುಗಾಟ ಸಣ್ಣದಿದ್ದರೆ ಸಾಫ್ಟ್‌ವೇರ್ ಸರಿಪಡಿಸೀತು. ಕೈಕಾಲು ತಿರುಚಿದ್ದರೆ ಸ್ನಾಯುಗಳು ಒಂದರ ಮೇಲೊಂದು ಜಾರಿರುತ್ತವೆ. ಅದನ್ನು ಸರಿಪಡಿಸಿದ್ದೇವೆ ಎಂದು ಸಾಫ್ಟ್‌ವೇರ್ ಹೇಳಿದರೆ ನಾನಂತೂ ನಂಬುವುದಿಲ್ಲ.

## 10. ಆರ್‌ಒಐ (ಅಳತೆಗೆ ಆಯ್ದ ಜಾಗ) ಇಡುವುದು

ಗಡ್ಡೆಯ ಸುತ್ತ ದೊಡ್ಡ ವೃತ್ತ ಎಳೆದು ಸರಾಸರಿ ತೆಗೆಯುವುದು ಸುಲಭ, ಆದ್ದರಿಂದಲೇ ಎಲ್ಲರೂ ಮಾಡುತ್ತಾರೆ. ಸಾರ್ಕೋಮಾದೊಳಗೆ ಸತ್ತ ಅಂಗಾಂಶ, ರಕ್ತ, ಲೋಳೆ, ಜೀವಂತ ಗಡ್ಡೆ ಎಲ್ಲ ಬೆರೆತಿರುತ್ತವೆ. ಇವೆಲ್ಲದರ ಸರಾಸರಿ ತೆಗೆದರೆ ಅಪಾಯಕಾರಿ ಭಾಗದ ಚೂಪು ಕರ್ವ್ ಸತ್ತ ಭಾಗದ ಚಪ್ಪಟೆ ಗೆರೆಯಲ್ಲಿ ಕರಗಿ, ನಿರುಪದ್ರವಿಯಂತೆ ಕಾಣುವ ಇಳಿಜಾರು ಸಿಗುತ್ತದೆ.

ಮೊದಲು ಏರಿಕೆಯ ವೇಗವನ್ನು ಬಣ್ಣದಲ್ಲಿ ತೋರಿಸುವ ಮ್ಯಾಪ್ ತೆಗೆಯಿರಿ. ಅತಿ ವೇಗವಾಗಿ ಬೆಳಗಿದ ಗಟ್ಟಿ ಭಾಗಗಳಲ್ಲಿ ಎರಡು ಮೂರು ಪುಟ್ಟ ವೃತ್ತ ಇಡಿ. ಪ್ರತಿಯೊಂದನ್ನೂ ಟಿ1, ಟಿ2 ಚಿತ್ರಗಳ ಮೇಲೆ ಇಟ್ಟು ನೋಡಿ: ಅದು ರಕ್ತನಾಳವೇ? ಹಳೆಯ ರಕ್ತವೇ? ಗಡ್ಡೆಯ ಅಂಚಿನಿಂದ ಹೊರಬಿದ್ದಿದೆಯೇ? ಆಮೇಲೆ ಅಪಧಮನಿಗೊಂದು, ಆರೋಗ್ಯವಂತ ಸ್ನಾಯುವಿಗೊಂದು. ಬಣ್ಣದ ಮ್ಯಾಪಿನಲ್ಲಿ ಕೆಂಪಾಗಿ ಹೊಳೆಯುವುದೆಲ್ಲ ಗಡ್ಡೆಯಲ್ಲ. ಪಕ್ಕದಲ್ಲಿ ಹಾದುಹೋಗುವ ಅಪಧಮನಿ ಎಲ್ಲಕ್ಕಿಂತ ಕೆಂಪಾಗಿರುತ್ತದೆ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಫ್ರೇಮಿಗೆ 5 ಸೆಕೆಂಡ್. ಮೊದಲ ಆರು ಫ್ರೇಮುಗಳಲ್ಲಿ ಗಡ್ಡೆಯ ಸರಾಸರಿ ಸಂಕೇತ (ಚಿತ್ರದಲ್ಲಿನ ಹೊಳಪು) 180. ಏಳನೇ ಫ್ರೇಮಿನ ಆರಂಭಕ್ಕೆ, ಅಂದರೆ 30ನೇ ಸೆಕೆಂಡಿಗೆ ಇಂಜೆಕ್ಷನ್. ತೊಡೆಯ ಅಪಧಮನಿ 11ನೇ ಫ್ರೇಮಿನಲ್ಲಿ, ಗಡ್ಡೆ 12ನೇ ಫ್ರೇಮಿನಲ್ಲಿ ಏರತೊಡಗಿತು. 20ನೇ ಫ್ರೇಮಿನಲ್ಲಿ ಗಡ್ಡೆಯ ಸಂಕೇತ 450ಕ್ಕೆ ಮುಟ್ಟಿ, ಕೊನೆಯ ಫ್ರೇಮಿಗೆ 400ಕ್ಕೆ ಇಳಿಯಿತು. ಏರಿಕೆ 450ರಲ್ಲಿ 180 ಕಳೆದರೆ 270. 180ಕ್ಕೆ ಹೋಲಿಸಿದರೆ ಶೇ 150. ಅದಕ್ಕೆ ಹಿಡಿದದ್ದು ಎಂಟು ಫ್ರೇಮ್, 40 ಸೆಕೆಂಡ್. ಹಾಗಾಗಿ ಏರಿಕೆಯ ವೇಗ ನಿಮಿಷಕ್ಕೆ ಶೇ 225. ಬೇಗ ಏರಿ, ಆಮೇಲೆ ಇಳಿದ ಕರ್ವ್.

ಇಲ್ಲಿ ಅಪಧಮನಿಗೂ ಗಡ್ಡೆಗೂ ಒಂದು ಫ್ರೇಮಿನ ಅಂತರವಿದೆ. ‘5 ಸೆಕೆಂಡ್, 6ಕ್ಕಿಂತ ಕಡಿಮೆ’ ಎಂದು ಬರೆದು ಮುಗಿಸಬೇಡಿ. ಪಕ್ಕಪಕ್ಕದ ಎರಡು ಫ್ರೇಮುಗಳಲ್ಲಿ ಕಂಡ ಏರಿಕೆಗಳ ನಿಜವಾದ ಅಂತರ ಸೊನ್ನೆಗಿಂತ ಸ್ವಲ್ಪ ಹೆಚ್ಚಿರಬಹುದು, 10 ಸೆಕೆಂಡಿಗೆ ಸ್ವಲ್ಪ ಕಡಿಮೆಯೂ ಇರಬಹುದು. ‘ಒಂದು ಫ್ರೇಮಿನೊಳಗೆ’ ಎಂದು ಬರೆಯುವುದೇ ಪ್ರಾಮಾಣಿಕ.

## 11. ಕರ್ವ್ ಓದುವುದು

ಐದು ಆಕಾರಗಳು ರೂಢಿಯಲ್ಲಿವೆ. ಟೈಪ್ 1 ಏರುವುದೇ ಇಲ್ಲ. ಟೈಪ್ 2 ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಟೈಪ್ 3 ಥಟ್ಟನೆ ಏರಿ ಸಮತಟ್ಟಾಗುತ್ತದೆ. ಟೈಪ್ 4 ಥಟ್ಟನೆ ಏರಿ ಇಳಿಯುತ್ತದೆ. ಟೈಪ್ 5 ಥಟ್ಟನೆ ಏರಿದ ಮೇಲೂ ನಿಧಾನವಾಗಿ ಏರುತ್ತಲೇ ಇರುತ್ತದೆ. 3 ಮತ್ತು 4 ಕ್ಯಾನ್ಸರಿನ ಗಡ್ಡೆಗಳಲ್ಲಿ ಹೆಚ್ಚು. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿಂದ.

ನಿಧಾನವಾಗಿ ಏರುವ ಕ್ಯಾನ್ಸರ್‌ಗಳಿವೆ. ಮಿಕ್ಸಾಯ್ಡ್ ಲಿಪೋಸಾರ್ಕೋಮಾದಂತಹ ಲೋಳೆ ತುಂಬಿದ ಗಡ್ಡೆಗಳಲ್ಲಿ ಜೀವಕೋಶಗಳು ವಿರಳ, ಜಾಗವೆಲ್ಲ ಲೋಳೆ. ಕಾಂಟ್ರಾಸ್ಟ್ ಅದರೊಳಗೆ ನಿಧಾನವಾಗಿ ಹರಡುತ್ತದೆ, ಟೈಪ್ 2 ಸಿಗುತ್ತದೆ, ‘ಸಾದಾ ಗಡ್ಡೆ’ ಎಂಬ ವರದಿ ಹೊರಡುತ್ತದೆ. ಟಿ2ರಲ್ಲಿ ನೀರಿನಷ್ಟು ಬೆಳ್ಳಗಿರುವ ಗಡ್ಡೆಯಲ್ಲಿ ಕರ್ವ್‌ನ ಮಾತಿಗೆ ಹೆಚ್ಚು ತೂಕ ಕೊಡಬೇಡಿ. ಅದು ನೀರಿನ ಚೀಲವೇ ಅಥವಾ ಗಟ್ಟಿ ಗಡ್ಡೆಯೇ ಎಂಬುದನ್ನು ತಡವಾದ ಚಿತ್ರದಲ್ಲಿ ನೋಡಿ. ಚೀಲವಾದರೆ ಗೋಡೆ ಮಾತ್ರ ಬೆಳಗುತ್ತದೆ. ಸೈನೋವಿಯಲ್ ಸಾರ್ಕೋಮಾ ಕೂಡ ಮೊಣಕಾಲಿನ ಬಳಿ ನೀರಿನ ಚೀಲದ ವೇಷದಲ್ಲಿ ಕೂತಿರಬಲ್ಲದು.

ವೇಗವಾಗಿ ಏರುವ ನಿರುಪದ್ರವಿಗಳೂ ಇವೆ. ನೋಡ್ಯುಲರ್ ಫ್ಯಾಸೈಟಿಸ್, ಸ್ನಾಯುರಜ್ಜುವಿನ ಹೊದಿಕೆಯ ಜೈಂಟ್ ಸೆಲ್ ಗಡ್ಡೆ, ಪೆಟ್ಟಾದ ಮೇಲೆ ಸ್ನಾಯುವಿನಲ್ಲಿ ಮೂಳೆ ಕಟ್ಟುವ ಮಯೋಸೈಟಿಸ್ ಆಸಿಫಿಕನ್ಸ್‌ನ ಆರಂಭದ ಹಂತ, ಕೀವುಗುಳ್ಳೆಯ ಗೋಡೆ, ಕೆಲವು ನರದ ಗಡ್ಡೆಗಳು ಟೈಪ್ 3 ಅಥವಾ 4 ತೋರಿಸಬಲ್ಲವು. ಮಯೋಸೈಟಿಸ್‌ನ ಅನುಮಾನ ಬಂದರೆ ಎಕ್ಸ್‌ರೇ ಅಥವಾ ಸಿಟಿಯಲ್ಲಿ ಅಂಚಿನ ಸುತ್ತ ಸುಣ್ಣ ಕಟ್ಟಿದೆಯೇ ನೋಡಿ. ಒಂದು ಸಾದಾ ಎಕ್ಸ್‌ರೇ ಈ ಗೊಂದಲವನ್ನು ಬಿಡಿಸಬಲ್ಲ ಸಂದರ್ಭದಲ್ಲಿ ದುಬಾರಿ ಸ್ಕ್ಯಾನಿನ ಕರ್ವ್ ಹಿಡಿದು ಜಗಳವಾಡುವುದು ಬೇಡ.

ಟೈಪ್ 1 ಬಂದರೆ ನೆಮ್ಮದಿಯಾಗುವ ಮೊದಲು ಆರ್‌ಒಐ ಎಲ್ಲಿದೆ ಎಂದು ಮತ್ತೊಮ್ಮೆ ನೋಡಿ. ಸತ್ತ ಅಂಗಾಂಶದ ನಡುವೆ ಇಟ್ಟ ವೃತ್ತ ಯಾವ ಭೀಕರ ಸಾರ್ಕೋಮಾದಲ್ಲಿಯೂ ಚಪ್ಪಟೆ ಗೆರೆಯನ್ನೇ ಕೊಡುತ್ತದೆ. ರಕ್ತ ತುಂಬಿದ ಗಡ್ಡೆಯಲ್ಲಂತೂ ಸಬ್‌ಟ್ರ್ಯಾಕ್ಷನ್ ಚಿತ್ರ ನೋಡದೆ ‘ರಕ್ತಗಡ್ಡೆ’ ಎಂದು ಬರೆಯಲೇಬೇಡಿ. ಗೋಡೆಗೆ ಅಂಟಿಕೊಂಡು ಬೆಳಗುವ ಒಂದು ಪುಟ್ಟ ಗಂಟು ಸಾಕು, ಇಡೀ ಅರ್ಥ ಬದಲಾಗಲು. ಪೆಟ್ಟು ಬಿದ್ದ ನೆನಪೇ ಇಲ್ಲದ, ಮೈಯಲ್ಲಿ ನೀಲಿಗಟ್ಟದ, ತಿಂಗಳುಗಳಾದರೂ ಕುಗ್ಗದ ‘ರಕ್ತಗಡ್ಡೆ’ಯನ್ನು ಅನುಮಾನದಿಂದಲೇ ನೋಡಿ.

## 12. ಕೆ-ಟ್ರಾನ್ಸ್ ಬೇಕೇ?

ಟಾಫ್ಟ್ಸ್ ಎಂಬ ಗಣಿತ ಮಾದರಿ ಬಳಸಿ ಕೆ-ಟ್ರಾನ್ಸ್, ಕೆಇಪಿ, ವಿಇ ಎಂಬ ಮೂರು ಅಂಕಿ ತೆಗೆಯಬಹುದು. ಕೆ-ಟ್ರಾನ್ಸ್ ಎಂದರೆ ನಾಳದಿಂದ ಹೊರಗಿನ ಜಾಗಕ್ಕೆ ಕಾಂಟ್ರಾಸ್ಟ್ ದಾಟುವ ದರ, ಕೆಇಪಿ ಮರಳುವ ದರ, ವಿಇ ಜೀವಕೋಶಗಳ ಹೊರಗಿನ ಆ ಜಾಗದ ಪಾಲು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೂರನೆಯದು. ವಿಇ ಒಂದಕ್ಕಿಂತ ಹೆಚ್ಚು ಬಂದರೆ ಲೆಕ್ಕ ಕೆಟ್ಟಿದೆ. ಒಂದು ಜಾಗದ ಪಾಲು ಇಡೀ ಜಾಗಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ.

ಟಿ1 ಮ್ಯಾಪ್ ಇಲ್ಲದೆ, ಅಪಧಮನಿಯ ಸರಿಯಾದ ಕರ್ವ್ ಇಲ್ಲದೆ, ಫ್ರೇಮಿಗೆ 10 ಸೆಕೆಂಡ್ ಹಿಡಿದ ಸ್ಕ್ಯಾನಿನಿಂದಲೂ ಸಾಫ್ಟ್‌ವೇರ್ ಮೂರು ದಶಮಾಂಶದ ಅಂಕಿ ಕೊಡುತ್ತದೆ. ಅದು ಯಂತ್ರದ ಸೌಜನ್ಯ ಅಷ್ಟೇ. ಒಬ್ಬ ರೋಗಿಗೆ ಚಿಕಿತ್ಸೆಯೇ ಇಲ್ಲದೆ ಎರಡು ಸಲ ತೆಗೆದರೂ ಈ ಅಂಕಿ ಸಾಕಷ್ಟು ವ್ಯತ್ಯಾಸವಾಗುತ್ತದೆ. ಬೇರೆ ಆಸ್ಪತ್ರೆಯ ಅಂಕಿಯೊಂದಿಗೆ ಹೋಲಿಸಲೇಬೇಡಿ. ದಿನನಿತ್ಯದ ಕೆಲಸಕ್ಕೆ ಆರಂಭದ ಹೊತ್ತು, ಏರಿಕೆಯ ವೇಗ, ಕರ್ವ್‌ನ ಆಕಾರ ಸಾಕು. ಕೆ-ಟ್ರಾನ್ಸ್ ಅನ್ನು ಸಂಶೋಧನೆಗೆ ಮತ್ತು ಒಂದೇ ಯಂತ್ರದಲ್ಲಿ ಒಂದೇ ಪ್ರೋಟೋಕಾಲಿನಲ್ಲಿ ನಡೆಯುವ ಚಿಕಿತ್ಸಾ ತಪಾಸಣೆಗೆ ಇಟ್ಟುಕೊಳ್ಳಿ.

## 13. ಬಯಾಪ್ಸಿಗೆ ದಾರಿ ತೋರಿಸುವುದು

ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ಸೂಜಿ ಹಾಕಿದ ಮೇಲೆ ಸ್ಕ್ಯಾನ್ ಮಾಡಿದರೆ ಒಳಗೆ ಸೋರಿದ ರಕ್ತ ಮತ್ತು ಊತ ಎಲ್ಲವನ್ನೂ ಕಲಸಿಹಾಕುತ್ತವೆ.

ಬೇಗ ಬೆಳಗಿದ ಗಟ್ಟಿ ಭಾಗ ಯಾವ ಸ್ಲೈಸಿನಲ್ಲಿದೆ, ಚರ್ಮದಿಂದ ಎಷ್ಟು ಆಳ, ಹತ್ತಿರ ಯಾವ ನರ, ಯಾವ ನಾಳ ಎಂಬುದನ್ನು ಬರೆದು ಒಂದು ಚಿತ್ರದ ಮೇಲೆ ಬಾಣದ ಗುರುತು ಹಾಕಿ ಕೊಡಿ. ಆದರೆ ಸೂಜಿಯ ದಾರಿಯನ್ನು ರೇಡಿಯಾಲಜಿಸ್ಟ್ ಒಬ್ಬರೇ ತೀರ್ಮಾನಿಸಬಾರದು. ಸಾರ್ಕೋಮಾ ಎಂದು ತಿಳಿದರೆ ಸೂಜಿ ಹಾದ ದಾರಿಯನ್ನೂ ಸರ್ಜನ್ ಕತ್ತರಿಸಿ ತೆಗೆಯಬೇಕಾಗಬಹುದು. ಆದ್ದರಿಂದ ಅದು ಅವರು ಮುಂದೆ ಕೊಯ್ಯಲಿರುವ ಗೆರೆಯ ಮೇಲೆಯೇ ಇರಬೇಕು. ತಾಲ್ಲೂಕಿನಲ್ಲಿ ಗಡ್ಡೆಯನ್ನು ‘ಕೊಬ್ಬಿನ ಗಂಟು’ ಎಂದು ಸ್ಥಳೀಯ ಅರಿವಳಿಕೆಯಲ್ಲಿ ಕೊಯ್ದು, ಪೆಥಾಲಜಿ ವರದಿ ಬಂದ ಮೇಲೆ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಓಡುವುದಕ್ಕಿಂತ, ಅನುಮಾನದ ಗಡ್ಡೆಯನ್ನು ಮುಟ್ಟದೆ ಚಿತ್ರಗಳೊಂದಿಗೆ ಕಳಿಸುವುದು ರೋಗಿಯ ಕೈಕಾಲನ್ನು ಉಳಿಸಬಲ್ಲದು.

## 14. ಚಿಕಿತ್ಸೆಯ ನಂತರದ ಸ್ಕ್ಯಾನ್

ಗಾಯದ ಕಲೆಯೂ ಕಾಂಟ್ರಾಸ್ಟ್ ಹೀರುತ್ತದೆ, ಆದರೆ ತಡವಾಗಿ, ನಿಧಾನವಾಗಿ, ಪಟ್ಟಿಯ ಆಕಾರದಲ್ಲಿ. ಮರುಕಳಿಸಿದ ಗಡ್ಡೆ ಸಾಮಾನ್ಯವಾಗಿ ಬೇಗ ಬೆಳಗುವ ಗಂಟಿನಂತಿರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ತಿಂಗಳು ಈ ಭೇದ ನಂಬಲರ್ಹವಲ್ಲ. ಹೊಸದಾಗಿ ಕೂಡುತ್ತಿರುವ ಅಂಗಾಂಶವೂ ಬೇಗ ಬೆಳಗುತ್ತದೆ. ರೇಡಿಯೇಷನ್ ಆದ ಮೇಲೂ ಅಷ್ಟೇ.

ಕೀಮೋ ನಂತರ ಗಡ್ಡೆಯ ಗಾತ್ರ ಕುಗ್ಗದೆ ಇರಬಹುದು, ಒಳಗೆ ರಕ್ತ ಸೋರಿ ಹಿಗ್ಗಲೂಬಹುದು. ಆದರೂ ಬೇಗ ಬೆಳಗುವ ಭಾಗ ಕಡಿಮೆಯಾಗಿದ್ದರೆ ಅದು ಒಳ್ಳೆಯ ಲಕ್ಷಣ. ಒಂದು ವಿನಾಯಿತಿ ನೆನಪಿರಲಿ. ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ನಾಳಗಳು ಮುಚ್ಚಿ ಕರ್ವ್ ಇಳಿದಿರುತ್ತದೆ, ಜೀವಕೋಶಗಳು ಸತ್ತಿರಬೇಕೆಂದಿಲ್ಲ. ಡಿಫ್ಯೂಷನ್ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಹೋಲಿಕೆಗೆ ಅದೇ ಯಂತ್ರ, ಅದೇ ಕಾಯಿಲ್, ಅದೇ ಔಷಧ, ಅದೇ ವೇಗ, ಅದೇ ಭಂಗಿ ಬೇಕು. ಹಿಂದಿನ ಸ್ಕ್ಯಾನಿನ ಪ್ರೋಟೋಕಾಲ್ ತೆರೆದಿಟ್ಟುಕೊಂಡು ಹೊಸದನ್ನು ಶುರು ಮಾಡಿ.

## 15. ವರದಿ ಮತ್ತು ಸಿಡಿ

ವರದಿಯಲ್ಲಿ ಇರಲೇಬೇಕಾದವು: ರೋಗಿಯ ತೂಕ, ಔಷಧದ ಹೆಸರು, ಪ್ರಮಾಣ, ಇಂಜೆಕ್ಷನ್ ವೇಗ, ಯಾವ ಕೈ, ಒಂದು ಫ್ರೇಮಿನ ಹೊತ್ತು, ಬೇಸ್‌ಲೈನ್ ಫ್ರೇಮುಗಳ ಸಂಖ್ಯೆ, ಆರ್‌ಒಐ ಇಟ್ಟ ಸ್ಲೈಸ್, ಅಪಧಮನಿಗೆ ಹೋಲಿಸಿದ ಆರಂಭದ ಹೊತ್ತು, ಏರಿಕೆಯ ವೇಗ, ಕರ್ವ್‌ನ ಆಕಾರ, ಅಲುಗಾಟ ಇತ್ತೇ ಎಂಬ ಒಂದು ಮಾತು. ಆಮೇಲೆ ಒಂದನೇ ಹಂತದಲ್ಲಿ ಕೇಳಿದ ಪ್ರಶ್ನೆಗೆ ನೇರ ಉತ್ತರ. ಉತ್ತರ ಸಿಗದಿದ್ದರೆ ‘ಈ ಸ್ಕ್ಯಾನಿನಿಂದ ಹೇಳಲಾಗದು’ ಎಂದು ಬರೆಯಲು ಸಂಕೋಚ ಬೇಡ.

ಸಿಡಿಗೆ ಆಯ್ದ ಚಿತ್ರಗಳನ್ನು ಮಾತ್ರ ಹಾಕಿ ಕಳಿಸುವ ಪದ್ಧತಿ ಬಹಳ ಕಡೆ ಇದೆ. ಫ್ರೇಮುಗಳು ಸಾವಿರಾರು, ಜಾಗ ಸಾಲದು ಎಂಬುದು ಅದಕ್ಕೆ ಕೊಡುವ ಕಾರಣ. ಪೂರ್ತಿ ಡೈನಮಿಕ್ ಸರಣಿಯನ್ನು ಡೈಕಾಮ್ (ವೈದ್ಯಕೀಯ ಚಿತ್ರಗಳ ಫೈಲ್) ರೂಪದಲ್ಲಿ, ಪ್ರತಿ ಫ್ರೇಮಿನ ಸಮಯದೊಂದಿಗೆ ಕೊಡಿ. ಸಿಡಿಗೆ ಹಿಡಿಸದಿದ್ದರೆ ಪೆನ್‌ಡ್ರೈವ್‌ಗೆ ಹಾಕಿ. ಕೊಡುವ ಮೊದಲು ಬೇರೊಂದು ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು, ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಎಲ್ಲವೂ ಬಂದಿವೆಯೇ ಎಂದು ಎಣಿಸಿ ನೋಡಿ.